ಕೆಂಪು ಮುಚ್ಚಳದ ಇಪ್ಪತ್ತು, ಕಿತ್ತಳೆ ಮುಚ್ಚಳದ ಇಪ್ಪತ್ತು

ಎರಡು ಇನ್ಸುಲಿನ್ ಸಿರಿಂಜುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ದಪ್ಪ. ಪೂರ್ತಿ ತುಂಬಿದರೆ ಎರಡೂ ಹಿಡಿಯುವುದು ಒಂದೇ ಒಂದು ಮಿಲಿಲೀಟರು. ಒಂದರ ಮುಚ್ಚಳ ಕೆಂಪು, ಇನ್ನೊಂದರದು ಕಿತ್ತಳೆ. ಎರಡರ ಮೈಮೇಲೂ 20 ಎಂಬ ಗೆರೆಯಿದೆ. ಈಗ ಆ ಗೆರೆಯವರೆಗೆ ನೀರು ಎಳೆಯಿರಿ. ಕೆಂಪು ಮುಚ್ಚಳದ್ದರಲ್ಲಿ ನೀರು ಸರಿಯಾಗಿ ಅರ್ಧ ಕೊಳವೆ ತುಂಬುತ್ತದೆ. ಕಿತ್ತಳೆ ಮುಚ್ಚಳದ್ದರಲ್ಲಿ ಐದರಲ್ಲಿ ಒಂದು ಪಾಲೂ ದಾಟುವುದಿಲ್ಲ! ಬರೆದಿರುವ ಅಂಕಿ ಒಂದೇ, ಒಳಗಿನ ನೀರು ಮಾತ್ರ ಒಂದರಲ್ಲಿ ಇನ್ನೊಂದರ ಎರಡೂವರೆ ಪಟ್ಟು.

ಇದನ್ನು ಕಣ್ಣಾರೆ ನೋಡಿದ ಕ್ಷಣದಿಂದ ನನಗೆ ಈ ಪುಟ್ಟ ಪ್ಲಾಸ್ಟಿಕ್ ಕೊಳವೆಯ ಮೇಲಿನ ಬೆರಗು ಇಳಿದಿಲ್ಲ. ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿ ಕೊಟ್ಟು ತರುವ, ಬಳಸಿ ಎಸೆಯುವ ಈ ವಸ್ತುವಿನ ಮೈಮೇಲಿನ ಗೆರೆಗಳಲ್ಲಿ ನೂರು ವರ್ಷದ ಚರಿತ್ರೆ ಅಡಗಿದೆ. ಅಲ್ಲಿ ಉಪವಾಸ ಕೂತ ಮೊಲಗಳಿವೆ, ಎಡಿನ್‌ಬರೋದಲ್ಲಿ ಸೇರಿದ ವಿಜ್ಞಾನಿಗಳಿದ್ದಾರೆ, ಒಂದು ದೇಶವೇ ಹಳೆಯ ಸಿರಿಂಜುಗಳನ್ನು ಬಿಟ್ಟು ಹೊಸದಕ್ಕೆ ಹೊರಳಿದ ವರ್ಷವಿದೆ. ನಮ್ಮ ಬೆಂಗಳೂರೂ ಇದೆ. "ಯಾವ ಸಿರಿಂಜು ಕೊಡಲಿ?" ಎಂದು ಅಂಗಡಿಯವರು ಕೇಳುವ ಒಂದು ಸಾಮಾನ್ಯ ಪ್ರಶ್ನೆಯ ಹಿಂದೆ ಇಷ್ಟೆಲ್ಲ ಇದೆ ಎಂದು ಯಾರು ತಾನೇ ಊಹಿಸಿಯಾರು!

ಮೊದಲಿಗೆ ಆ 20 ಎಂದರೆ ಏನು? ಅದು ಮಿಲಿಲೀಟರಲ್ಲ, ಮಿಲಿಗ್ರಾಮೂ ಅಲ್ಲ. ಅದು ಯೂನಿಟ್. ಶುಗರ್ ಇರುವ ಮನೆಗಳಲ್ಲಿ ದಿನ ಬೆಳಗಾದರೆ ಕೇಳುವ ಮಾತು: "ಬೆಳಗ್ಗೆ ಇಪ್ಪತ್ತು, ರಾತ್ರಿ ಹನ್ನೆರಡು." ಏನು ಇಪ್ಪತ್ತು, ಏನು ಹನ್ನೆರಡು ಎಂದು ಹುಡುಕುತ್ತಾ ಹೋದರೆ ನೀವು ಬಂದು ನಿಲ್ಲುವುದು 1922ರ ಟೊರೊಂಟೊ ನಗರದಲ್ಲಿ, ಒಂದು ಮೊಲದ ಎದುರು!

ಫ್ರೆಡೆರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ 1921ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಜೆ. ಜೆ. ಆರ್. ಮ್ಯಾಕ್ಲಿಯೊಡ್ ಅವರ ಪ್ರಯೋಗಾಲಯದಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಒಂದು ಸಾರ ತೆಗೆದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸುವ ದಾರಿ ಕಂಡುಹಿಡಿದರು. ಸಾರವೇನೋ ಸಿಕ್ಕಿತು, ಅದನ್ನು ಅಳೆಯುವುದು ಹೇಗೆ? ಆ ದ್ರವದಲ್ಲಿ ಇನ್ಸುಲಿನ್ ಎಷ್ಟಿದೆ, ಬೇರೆ ಏನೇನಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ತೂಗಿದರೆ ತೂಗುವುದು ಕಸವನ್ನೂ ಸೇರಿಸಿ. ಇವತ್ತು ತಯಾರಾದ ಸೀಸೆಗೂ ನಾಳೆ ತಯಾರಾಗುವ ಸೀಸೆಗೂ ಬಲ ಒಂದೇ ಇರುವ ಭರವಸೆ ಇಲ್ಲ. ಆಗ ಅವರಿಗೆ ಹೊಳೆದ ಉಪಾಯ ನೋಡಿ: ಅದು ಎಷ್ಟಿದೆ ಎಂದು ತಿಳಿಯದಿದ್ದರೇನು, ಅದು ಏನು ಮಾಡುತ್ತದೆ ಎಂಬುದನ್ನೇ ಅಳೆಯೋಣ! ಸುಮಾರು ಎರಡು ಕಿಲೋ ತೂಕದ ಮೊಲವೊಂದನ್ನು 24 ಗಂಟೆ ಉಪವಾಸ ಇಟ್ಟು, ಅದರ ರಕ್ತದ ಸಕ್ಕರೆಯನ್ನು ನಾಲ್ಕು ಗಂಟೆಯೊಳಗೆ 45 ಮಿಲಿಗ್ರಾಮಿಗೆ ಇಳಿಸಲು, ಅಂದರೆ ಮೊಲಕ್ಕೆ ಸೆಳೆತ ಬರುವ ಹಂತಕ್ಕೆ ತರಲು, ಎಷ್ಟು ಸಾರ ಬೇಕೋ ಅಷ್ಟು ಒಂದು ಯೂನಿಟ್. ಮನುಷ್ಯರಿಗೆ ಕೊಡಲು ಅದು ತೀರಾ ದೊಡ್ಡ ಅಳತೆ ಎಂದು ಕಂಡಾಗ ಅದರ ಮೂರನೆಯ ಒಂದು ಭಾಗವನ್ನು ಯೂನಿಟ್ ಎಂದು ಒಪ್ಪಿಕೊಂಡರು. ಇಂದು ಕಲಬುರಗಿಯಲ್ಲೋ ಕಾರ್ಕಳದಲ್ಲೋ ಒಬ್ಬ ಅಜ್ಜಿ ಕನ್ನಡಕ ಏರಿಸಿಕೊಂಡು ಎಣಿಸುವ ಒಂದೊಂದು ಯೂನಿಟ್ಟೂ ಹುಟ್ಟಿದ್ದು ಆ ಮೊಲದ ರಕ್ತದಲ್ಲಿ.

1923ರಲ್ಲಿ ಎಡಿನ್‌ಬರೋದಲ್ಲಿ ರಾಷ್ಟ್ರಗಳ ಒಕ್ಕೂಟದ ಆಶ್ರಯದಲ್ಲಿ ವಿಜ್ಞಾನಿಗಳು ಕೂಡಿ, ಜಗತ್ತಿಗೆಲ್ಲ ಒಂದೇ ಯೂನಿಟ್ ಇರಬೇಕೆಂದು ಕೂತು ಚರ್ಚಿಸಿದರು. 1925ರಲ್ಲಿ ಮೊದಲ ಅಂತರರಾಷ್ಟ್ರೀಯ ಮಾನಕ ಸಿದ್ಧವಾಯಿತು. ಅದು ಒಣಗಿಸಿದ ಇನ್ಸುಲಿನ್ ಪುಡಿ. ಅದರ ಒಂದು ಮಿಲಿಗ್ರಾಮಿನಲ್ಲಿ 8 ಯೂನಿಟ್. ವರ್ಷ ಕಳೆದಂತೆ ಶುದ್ಧೀಕರಣ ಸುಧಾರಿಸಿತು, ಕಸ ಕಳೆಯುತ್ತಾ ಹೋಯಿತು. ಇಂದು ಶುದ್ಧ ಮಾನವ ಇನ್ಸುಲಿನ್ನಿನ ಒಂದು ಮಿಲಿಗ್ರಾಮಿನಲ್ಲಿ ಸುಮಾರು 28.8 ಯೂನಿಟ್ ಇದೆ. ಯೂನಿಟ್ ಬದಲಾಗಲೇ ಇಲ್ಲ, ಅದರ ತೂಕ ಮಾತ್ರ ಇಳಿಯಿತು! ಈಗ ಒಂದು ಯೂನಿಟ್ ಎಂದರೆ 0.0347 ಮಿಲಿಗ್ರಾಂ. ಬರಿಗಣ್ಣಿಗೆ ಇದ್ದೂ ಇಲ್ಲದಂತಿರುವ ಅಷ್ಟು ಪುಡಿಯಲ್ಲಿ ಎಷ್ಟು ಇನ್ಸುಲಿನ್ ಅಣುಗಳಿರಬಹುದು ಎಂದು ಲೆಕ್ಕ ಹಾಕಿ ನೋಡಿದೆ. ಸುಮಾರು 36 ಕೋಟಿ ಕೋಟಿ! ಕೋಟಿಯನ್ನು ಕೋಟಿಯಿಂದ ಗುಣಿಸಿ, ಅದನ್ನು ಮತ್ತೆ ಮೂವತ್ತಾರರಿಂದ ಗುಣಿಸಿ. ಒಂದೇ ಒಂದು ಗೆರೆ ಆಚೀಚೆಯಾದರೆ ಇಷ್ಟು ಅಣುಗಳು ಆಚೀಚೆ. ಆ ಒಂದೊಂದು ಅಣುವಿನ ರೂಪವನ್ನು ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್ ಮೂವತ್ತು ವರ್ಷಕ್ಕೂ ಮಿಕ್ಕಿ ಬೆನ್ನಟ್ಟಿ 1969ರಲ್ಲಿ ಬಿಡಿಸಿದಾಗ ಆಕ್ಸ್‌ಫರ್ಡಿನ ಆ ತಂಡದಲ್ಲಿ ಎಂ. ವಿಜಯನ್ ಇದ್ದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪ್ರೋಟೀನುಗಳ ರಚನೆಯನ್ನು ಅಧ್ಯಯನ ಮಾಡಿದ ಅದೇ ವಿಜಯನ್.

ಯೂನಿಟ್ ಸಿಕ್ಕಿತು. ಆದರೆ ಯೂನಿಟ್ಟನ್ನು ಹಾಗೇ ಚುಚ್ಚಲಾಗುವುದಿಲ್ಲವಲ್ಲ, ಅದನ್ನು ನೀರಿನಲ್ಲಿ ಕರಗಿಸಬೇಕು. ಎಷ್ಟು ನೀರಿನಲ್ಲಿ? ನಮ್ಮ ಎರಡು ಮುಚ್ಚಳಗಳ ಕಥೆ ಕವಲೊಡೆಯುವುದು ಇಲ್ಲೇ.

1922ರ ಜನವರಿ 11ರಂದು ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟಾಗ ಒಳಗೆ ಹೋದದ್ದು 15 ಮಿಲಿಲೀಟರು ಕಂದು ಬಣ್ಣದ ಕಲಕು ದ್ರವ. ಒಂದೊಂದು ಪೃಷ್ಠಕ್ಕೆ ಏಳೂವರೆ! ಇಂದಿನ ಕೆಂಪು ಮುಚ್ಚಳದ ಸಿರಿಂಜು ಹದಿನೈದನ್ನು ತುಂಬುವಷ್ಟು ದ್ರವ ಆ ಎಲುಬಿನ ಹಂದರದಂತಿದ್ದ ಮಗುವಿನ ಮೈಗೆ. ಚುಚ್ಚಿದ ಜಾಗ ಕೀವುಗಟ್ಟಿತು, ಶುಗರ್ ತುಸುವಷ್ಟೇ ಇಳಿಯಿತು. ಹನ್ನೆರಡು ದಿನ ಬಿಟ್ಟು, 23ರಂದು ಕಾಲಿಪ್ ಶುದ್ಧಗೊಳಿಸಿದ ಸಾರ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅಲ್ಲಿಂದ ಮುಂದೆ ಔಷಧ ತಯಾರಿಸುವವರ ಓಟವೆಲ್ಲ ಒಂದೇ ದಿಕ್ಕಿಗೆ: ಕಡಿಮೆ ನೀರಿನಲ್ಲಿ ಹೆಚ್ಚು ಯೂನಿಟ್. ಒಂದು ಮಿಲಿಲೀಟರಿನಲ್ಲಿ 10, ಆಮೇಲೆ 20, ಆಮೇಲೆ 40, ಆಮೇಲೆ 80. ಇವನ್ನೇ ಯು-10, ಯು-20, ಯು-40, ಯು-80 ಎಂದು ಕರೆದರು. ಸೀಸೆಯ ಮೇಲೆ ಯು ಅಕ್ಷರದ ಪಕ್ಕದ ಅಂಕಿ ಹೇಳುವುದು ಇಷ್ಟೇ: ಒಂದು ಮಿಲಿಲೀಟರಿನಲ್ಲಿ ಇಷ್ಟು ಯೂನಿಟ್.

1924ರಲ್ಲಿ ಬೆಕ್ಟನ್ ಡಿಕಿನ್ಸನ್ ಕಂಪನಿ ಇನ್ಸುಲಿನ್ನಿಗೆಂದೇ ಮೊದಲ ಸಿರಿಂಜು ಮಾಡಿತು. ಗಾಜಿನ ಸಿರಿಂಜುಗಳ ಕಾಲ ಅದು. ಪ್ರತಿಸಲ ಕುದಿಸಿ ಬಳಸಬೇಕು, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆದು ಚೂಪು ಮಾಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ ಆಗ ಚಾಲ್ತಿಯಲ್ಲಿದ್ದ ಸಿರಿಂಜಿನ ಬಗ್ಗೆ ಓದಿದಾಗ ನಾನು ಬೆಚ್ಚಿಬಿದ್ದೆ. ಒಂದು ಮಿಲಿಲೀಟರಿಗೆ 20 ಗೆರೆ, ಅಷ್ಟೇ. ಇನ್ಸುಲಿನ್ 20ರ ಬಲದ್ದಾದರೆ ಒಂದು ಗೆರೆಗೆ ಒಂದು ಯೂನಿಟ್. ಆದರೆ ಸೀಸೆ 40ರದಾದರೆ ಒಂದು ಗೆರೆಗೆ ಎರಡು, 80ರದಾದರೆ ನಾಲ್ಕು! ಸಿರಿಂಜು ಒಂದೇ, ಸೀಸೆ ಬದಲಾದಾಗಲೆಲ್ಲ ಗೆರೆಯ ಅರ್ಥ ಬದಲು. ವೈದ್ಯರು ಹೇಳಿದ್ದು ಯೂನಿಟ್ಟೋ ಗೆರೆಯೋ? ನರ್ಸು ಕೇಳಿಸಿಕೊಂಡದ್ದು ಯಾವುದು? ಮನೆಗೆ ಹೋದ ರೋಗಿ ಎಣಿಸಿದ್ದು ಯಾವುದು? ಬೆಳಗ್ಗೆ ಎದ್ದು ಹೊಟ್ಟೆಗೆ ಏನೂ ಹಾಕದೆ ಗುಣಾಕಾರ ಭಾಗಾಕಾರ ಮಾಡಿ, ಅದರ ಉತ್ತರವನ್ನು ತಮ್ಮ ಮೈಗೇ ಚುಚ್ಚಿಕೊಳ್ಳುತ್ತಿದ್ದ ಜನ ಅವರು. ಅವರ ಧೈರ್ಯಕ್ಕೆ ನನ್ನ ನಮಸ್ಕಾರ.

ಈ ಗೊಂದಲಕ್ಕೆ ಕೊನೆ ಹಾಡಲೆಂದೇ ಹುಟ್ಟಿದ್ದು ಯು-100. ಒಂದು ಮಿಲಿಲೀಟರಿಗೆ ನೂರು ಯೂನಿಟ್, ಲೆಕ್ಕ ಹಸನು, ಜಗತ್ತಿಗೆಲ್ಲ ಒಂದೇ ಬಲ. ಅಮೆರಿಕ 1970ರ ದಶಕದಲ್ಲಿ ಆ ಕಡೆ ಹೊರಳಿತು. ಬ್ರಿಟನ್ 1983ರಲ್ಲಿ ಹಳೆಯ ಸೀಸೆಗಳನ್ನೂ 20 ಗೆರೆಯ ಸಿರಿಂಜುಗಳನ್ನೂ ಬಿಟ್ಟು ನೂರಕ್ಕೆ ಬಂತು.

ನಾವು? ನಾವು ಎರಡರಲ್ಲೂ ಇದ್ದೇವೆ! ನಮ್ಮ ಔಷಧಿ ಅಂಗಡಿಯಲ್ಲಿ ಸಿಗುವ ಮಾನವ ಇನ್ಸುಲಿನ್ನಿನ ಸೀಸೆಗಳು, ಅಂದರೆ ಕಡಿಮೆ ಬೆಲೆಯ, ಹೆಚ್ಚು ಮನೆಗಳಲ್ಲಿರುವ ಸೀಸೆಗಳು, ಬಹುಪಾಲು ಇಂದಿಗೂ ಯು-40. ಹತ್ತು ಮಿಲಿಲೀಟರಿನ ಆ ಸೀಸೆಯೊಳಗೆ 400 ಯೂನಿಟ್. ಅದರ ಜೋಡಿ ಕೆಂಪು ಮುಚ್ಚಳದ ಸಿರಿಂಜು, ಮೈಮೇಲೆ 40 ಗೆರೆ, ಗೆರೆಗೊಂದು ಯೂನಿಟ್. ಅದೇ ಅಂಗಡಿಯ ಅದೇ ಫ್ರಿಜ್ಜಿನಲ್ಲಿ ಹೊಸ ಬಗೆಯ ಇನ್ಸುಲಿನ್ನುಗಳ ಯು-100 ಸೀಸೆಗಳೂ ಇರುತ್ತವೆ. ಅಂಥ ಹತ್ತು ಮಿಲಿಲೀಟರಿನ ಸೀಸೆಯಲ್ಲಿ 1000 ಯೂನಿಟ್, ಅದರ ಜೋಡಿ ಕಿತ್ತಳೆ ಮುಚ್ಚಳ. ಇನ್ಸುಲಿನ್ ಪೆನ್ನಿಗೆ ಹಾಕುವ ಮೂರು ಮಿಲಿಲೀಟರಿನ ಕಾರ್ಟ್ರಿಜ್ ಕೂಡ ಸಾಮಾನ್ಯವಾಗಿ ಯು-100, ಅದರೊಳಗೆ 300 ಯೂನಿಟ್. ಈ ಕೆಂಪು, ಕಿತ್ತಳೆ ಯಾರೋ ಅಂದಕ್ಕೆಂದು ಹಚ್ಚಿದ ಬಣ್ಣವಲ್ಲ. ಇನ್ಸುಲಿನ್ ಸಿರಿಂಜುಗಳ ಅಂತರರಾಷ್ಟ್ರೀಯ ಮಾನಕವೇ 40ಕ್ಕೆ ಕೆಂಪು, 100ಕ್ಕೆ ಕಿತ್ತಳೆ ಎಂದು ಗೊತ್ತುಮಾಡಿದೆ. ಓದು ಬಾರದವರಿಗೂ, ಕಣ್ಣು ಮಂಜಾದವರಿಗೂ, ಭಾಷೆ ಬೇರೆಯಾದವರಿಗೂ ತಿಳಿಯಲೆಂದು ಮಾಡಿದ ಏರ್ಪಾಟು ಇದು.

ಜೋಡಿ ತಪ್ಪಿದರೆ ಏನಾಗುತ್ತದೆ? ಯು-40 ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಒಳಗೆ ಬರುವುದು 0.2 ಮಿಲಿಲೀಟರು, ಅಂದರೆ ಬರೀ 8 ಯೂನಿಟ್. ಶುಗರ್ ಏರುತ್ತಲೇ ಇರುತ್ತದೆ, "ಇನ್ಸುಲಿನ್ ತಗೊಂಡ್ರೂ ಇಳೀತಿಲ್ಲ" ಎಂದು ಮನೆಯವರು ತಲೆ ಕೆಡಿಸಿಕೊಳ್ಳುತ್ತಾರೆ, ವೈದ್ಯರು ಡೋಸು ಏರಿಸುತ್ತಾರೆ. ಒಂದು ದಿನ ಸರಿಯಾದ ಸಿರಿಂಜು ಕೈಗೆ ಬಂದರೆ ಆ ಏರಿಸಿದ ಡೋಸೇ ಅಪಾಯ ತರುತ್ತದೆ! ಇನ್ನು ತಿರುವುಮುರುವಾದರೆ? ಯು-100 ಇನ್ಸುಲಿನ್ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರವರೆಗೆ. ಅದು ಅರ್ಧ ಮಿಲಿಲೀಟರು. ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್. ಬೆವರು, ನಡುಕ, ಕಣ್ಣು ಕತ್ತಲೆ, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು. ಜೀವಕ್ಕೇ ಕುತ್ತು ಬರಬಹುದು.

ಇಂಥ ಅದಲುಬದಲು ಸೀಸೆಗಿಂತ ಹೆಚ್ಚಾಗಿ ಪೆನ್ನಿನ ಮನೆಗಳಲ್ಲಿ ನುಸುಳುತ್ತದೆ ಎಂಬುದು ನನ್ನ ಅಂದಾಜು. ಪೆನ್ನು ಕೆಟ್ಟಿತು, ಸೂಜಿ ಮುಗಿಯಿತು, ರಾತ್ರಿ ಅಂಗಡಿ ಮುಚ್ಚಿದೆ. ಕಾರ್ಟ್ರಿಜ್ಜಿನಲ್ಲಿ ಇನ್ಸುಲಿನ್ ಇದೆಯಲ್ಲ ಎಂದು ಮನೆಯಲ್ಲಿದ್ದ ಕೆಂಪು ಮುಚ್ಚಳದ ಹಳೆಯ ಸಿರಿಂಜಿನಿಂದ ಎಳೆದುಬಿಡುತ್ತಾರೆ. ಆ ಕ್ಷಣಕ್ಕೆ ಅದು ಜಾಣತನ ಅನ್ನಿಸುತ್ತದೆ. ಆದದ್ದು ಎರಡೂವರೆ ಪಟ್ಟು ಡೋಸು. ಕಾರ್ಟ್ರಿಜ್ಜಿನಿಂದ ಸಿರಿಂಜಿಗೆ ಎಳೆಯಲೇಬಾರದು. ಇದನ್ನು ಪೆನ್ನು ಕೊಡುವ ದಿನವೇ ಪ್ರತಿ ಮನೆಗೂ ಹೇಳಬೇಕು, ಔಷಧ ಚೀಟಿಯಲ್ಲಿ ಯೂನಿಟ್ಟಿನ ಜೊತೆ ಸಿರಿಂಜಿನ ಬಣ್ಣವನ್ನೂ ಬರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. "20 ಯೂನಿಟ್" ಎಂಬುದು ಅರ್ಧ ವಾಕ್ಯ. ಸೀಸೆಯ ಬಲವೂ ಸಿರಿಂಜಿನ ಗೆರೆಯೂ ಕೂಡಿದಾಗಲೇ ಅದು ಪೂರ್ತಿಯಾಗುವುದು.

ಬಣ್ಣ ಸರಿಯಾಯಿತು ಅನ್ನಿ. ಅಳತೆ? ಕಿತ್ತಳೆ ಮುಚ್ಚಳದವುಗಳಲ್ಲೇ ಮೂರು ಗಾತ್ರವಿದೆ: 30 ಯೂನಿಟ್ ಹಿಡಿಯುವ 0.3 ಮಿಲಿಲೀಟರಿನದು, 50 ಹಿಡಿಯುವ ಅರ್ಧ ಮಿಲಿಲೀಟರಿನದು, 100 ಹಿಡಿಯುವ ಒಂದು ಮಿಲಿಲೀಟರಿನದು. ದೊಡ್ಡದೊಂದಿದ್ದರೆ ಸಾಲದೇ, ಚಿಕ್ಕದೇಕೆ ಎಂದು ಅನ್ನಿಸುವುದು ಸಹಜ. ಗೆರೆಗಳನ್ನು ನೋಡಿ! ಒಂದು ಮಿಲಿಲೀಟರಿನದರಲ್ಲಿ ಸಾಮಾನ್ಯವಾಗಿ ಎರಡು ಯೂನಿಟ್ಟಿಗೊಂದು ಗೆರೆ. ನಿಮ್ಮ ಡೋಸು 7 ಆದರೆ ಗೆರೆಯೇ ಇಲ್ಲ, ಆರಕ್ಕೂ ಎಂಟಕ್ಕೂ ನಡುವೆ ಕಣ್ಣಂದಾಜು. ಅರ್ಧ ಮಿಲಿಲೀಟರಿನದರಲ್ಲಿ ಯೂನಿಟ್ಟಿಗೊಂದು ಗೆರೆ. 0.3ರದರಲ್ಲಿ ಯೂನಿಟ್ಟಿಗೊಂದು, ಕೆಲವದರಲ್ಲಿ ಅರ್ಧ ಯೂನಿಟ್ಟಿಗೂ ಒಂದು! ಕೊಳವೆ ತೆಳ್ಳಗಾದಷ್ಟೂ ಅದೇ ಒಂದು ಯೂನಿಟ್ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಗೆರೆಗೂ ಗೆರೆಗೂ ಅಂತರ ಹಿಗ್ಗುತ್ತದೆ, ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ. ಭೂತಗನ್ನಡಿಯಿಲ್ಲದೆ ಅಳತೆಯನ್ನೇ ಹಿಗ್ಗಿಸುವ ಈ ಉಪಾಯ ಎಷ್ಟು ಸರಳ! ಹಾಗಾಗಿ ನಿಯಮ ಇದು: ನಿಮ್ಮ ಡೋಸು ಹಿಡಿಸುವ ಅತಿ ಚಿಕ್ಕ ಸಿರಿಂಜೇ ನಿಮ್ಮದು. ಮೂವತ್ತರೊಳಗಿದ್ದರೆ 0.3, ಐವತ್ತರವರೆಗೆ ಅರ್ಧ, ಅದಕ್ಕೂ ಮೇಲಾದರೆ ಒಂದು. ಡೋಸು ಸರಿಯಾಗಿ 30ಕ್ಕೇ ಬಂದು ನಿಂತಿದ್ದರೆ ಮುಂದಿನ ಗಾತ್ರಕ್ಕೆ ಹೋಗುವುದು ಲೇಸು, ಏಕೆಂದರೆ ಡೋಸು ತುಸು ಏರಿದರೂ ಚಿಕ್ಕದರಲ್ಲಿ ಜಾಗವಿರುವುದಿಲ್ಲ. ಟೈಪ್ 1 ಶುಗರ್ ಇರುವ ಪುಟ್ಟ ಮಕ್ಕಳಿಗೆ ಆ ಅರ್ಧ ಯೂನಿಟ್ಟಿನ ಗೆರೆ ಎಷ್ಟು ದೊಡ್ಡ ವಿಷಯ ಎಂದು ಅವರ ತಾಯಂದಿರನ್ನು ಕೇಳಬೇಕು. ಆ ಸಣ್ಣ ಮೈಯಲ್ಲಿ ಒಂದು ಯೂನಿಟ್ ಹೆಚ್ಚಾದರೂ ರಾತ್ರಿ ಶುಗರ್ ಲೋ ಆಗಬಹುದು.

ಕೆಂಪು ಮುಚ್ಚಳದ್ದರಲ್ಲಿ ಈ ಆಯ್ಕೆಯ ಪೇಚಾಟ ಅಷ್ಟಿಲ್ಲ. ಸಾಮಾನ್ಯವಾಗಿ ಸಿಗುವುದು ಒಂದು ಮಿಲಿಲೀಟರಿನ 40 ಗೆರೆಯದು. ಅಲ್ಲೊಂದು ಒಳಿತೂ ಇದೆ: ಬಲ ಕಡಿಮೆಯಿರುವುದರಿಂದ ಒಂದು ಯೂನಿಟ್ ಹೆಚ್ಚು ಜಾಗ ಹಿಡಿಯುತ್ತದೆ, 0.025 ಮಿಲಿಲೀಟರು. ಯು-100ರಲ್ಲಿ ಅದು 0.01 ಮಾತ್ರ. ನಲ್ಲಿಯಿಂದ ತೊಟ್ಟಿಕ್ಕುವ ಒಂದು ಸಾಧಾರಣ ಹನಿ ಸುಮಾರು 0.05 ಮಿಲಿಲೀಟರು ಎಂದುಕೊಳ್ಳಿ. ಆ ಒಂದು ಹನಿಯೊಳಗೆ ಯು-40 ಆದರೆ 2 ಯೂನಿಟ್, ಯು-100 ಆದರೆ 5! ಗಾಳಿಗುಳ್ಳೆಯ ಬಗ್ಗೆ ಜನರಿಗಿರುವ ಭಯದ ನಿಜವಾದ ಅರ್ಥವೂ ಇಲ್ಲೇ ಇದೆ. ಚರ್ಮದ ಕೆಳಗೆ ಚುಚ್ಚುವಾಗ ಸಣ್ಣ ಗುಳ್ಳೆಯಿಂದ ಅಪಾಯವಿಲ್ಲ. ಗುಳ್ಳೆ ಕದಿಯುವುದು ಇನ್ಸುಲಿನ್ನಿನ ಜಾಗವನ್ನು. ಹನಿಯಷ್ಟು ಗುಳ್ಳೆ ಒಳಗಿದ್ದರೆ ಅಷ್ಟು ಯೂನಿಟ್ ಕಡಿಮೆ. ಸಿರಿಂಜನ್ನು ನೆಟ್ಟಗೆ ಹಿಡಿದು ಬೆರಳಿನಿಂದ ತಟ್ಟಿ ಗುಳ್ಳೆಯನ್ನು ಮೇಲೇರಿಸಿ, ಸೀಸೆಗೇ ಹಿಂದಕ್ಕೆ ತಳ್ಳುವ ಆ ಅಭ್ಯಾಸ ಪಕ್ಕಾ ಗಣಿತ.

ಇನ್ಸುಲಿನ್ ಸಿರಿಂಜಿಗೆ ಸೂಜಿ ಅಂಟಿಕೊಂಡೇ ಬರುವುದೂ ಇದೇ ಲೆಕ್ಕಕ್ಕೆ. ಸೂಜಿ ಬಿಚ್ಚಿ ಹಾಕುವ ಬೇರೆ ಸಿರಿಂಜುಗಳಲ್ಲಿ ಸೂಜಿಯ ಬುಡದಲ್ಲೊಂದು ಪುಟ್ಟ ಪೊಳ್ಳು ಇರುತ್ತದೆ. ಪಿಸ್ಟನ್ ಎಷ್ಟೇ ಒತ್ತಿದರೂ ಅಲ್ಲಿನ ದ್ರವ ಹೊರಬರುವುದಿಲ್ಲ. ಬೇರೆ ಔಷಧಿಗಾದರೆ ಅದು ನಗಣ್ಯ. ಹನಿಯೊಂದರಲ್ಲೇ ಐದು ಯೂನಿಟ್ ಇರುವ ಔಷಧಿಗೆ ಅದು ಪ್ರತಿಸಲದ ನಷ್ಟ. ಆದ್ದರಿಂದ ಸೂಜಿಯನ್ನು ಕೊಳವೆಗೇ ಬೆಸೆದುಬಿಟ್ಟರು.

ಆ ಸೂಜಿ! ಅದರ ಬಗ್ಗೆ ಹೇಳಲು ಹೊರಟರೆ ನನಗೆ ನಿಲ್ಲಿಸಲಾಗುವುದಿಲ್ಲ. ಪೊಟ್ಟಣದ ಮೇಲೆ 29ಜಿ, 30ಜಿ, 31ಜಿ ಎಂದು ಬರೆದಿರುತ್ತದೆ. ಜಿ ಎಂದರೆ ಗೇಜ್. ಅಂಕಿ ದೊಡ್ಡದಾದಷ್ಟೂ ಸೂಜಿ ತೆಳ್ಳಗೆ, ಇದೆಂಥ ತಲೆಕೆಳಗು ಲೆಕ್ಕ? ಇದರ ಬೇರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ತಂತಿ ಎಳೆಯುವ ಕಮ್ಮಟಗಳಲ್ಲಿದೆ. ನಮ್ಮ ಅಕ್ಕಸಾಲಿಗರು ಬಂಗಾರದ ಕಂಬಿಯನ್ನು ತೂತುಗಳ ಉಕ್ಕಿನ ತಗಡಿನಲ್ಲಿ ತೂರಿಸಿ, ಒಂದಕ್ಕಿಂತ ಒಂದು ಕಿರಿದಾದ ತೂತಿನಿಂದ ಎಳೆದೆಳೆದು ಸಪೂರ ಮಾಡುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಎಷ್ಟು ಹೆಚ್ಚು ಸಲ ಎಳೆದರೋ ಅಷ್ಟು ದೊಡ್ಡ ಅಂಕಿ, ಅಷ್ಟು ತೆಳು ತಂತಿ. 29 ಗೇಜಿನ ಸೂಜಿಯ ಹೊರ ಅಗಲ ಸುಮಾರು 0.33 ಮಿಲಿಮೀಟರು, 30ರದು 0.3, 31ರದು 0.25. ಕಾಲು ಮಿಲಿಮೀಟರು! ಅದರೊಳಗೆ ಮತ್ತೊಂದು ತೂತು, ಆ ತೂತಿನೊಳಗೆ ಜೀವ ಉಳಿಸುವ ದ್ರವ.

ಉದ್ದದ ವಿಚಾರ ಇನ್ನೂ ಸೋಜಿಗದ್ದು. ದಪ್ಪ ಮೈಯವರಿಗೆ ಉದ್ದ ಸೂಜಿ, ತೆಳ್ಳಗಿನವರಿಗೆ ಗಿಡ್ಡ ಸೂಜಿ ಎಂದು ಯಾರಿಗಾದರೂ ಅನ್ನಿಸುತ್ತದೆ. ವೈದ್ಯರೂ ಬಹುಕಾಲ ಹಾಗೇ ಎಣಿಸಿದ್ದರು. ಸ್ಕ್ಯಾನ್ ಯಂತ್ರದಿಂದ ಜನರ ಚರ್ಮವನ್ನು ಅಳೆದು ನೋಡಿದರೆ, ಇನ್ಸುಲಿನ್ ಚುಚ್ಚುವ ಜಾಗಗಳಲ್ಲಿ ವಯಸ್ಕರ ಚರ್ಮ ಸರಾಸರಿ ಎರಡರಿಂದ ಎರಡೂವರೆ ಮಿಲಿಮೀಟರು ದಪ್ಪ, ತೆಳ್ಳಗಿನವರಿಗೂ ಅಷ್ಟೇ, ದಪ್ಪ ಮೈಯವರಿಗೂ ಬಹುಪಾಲು ಅಷ್ಟೇ! ಮೈ ಹಿಗ್ಗಿದಾಗ ಹಿಗ್ಗುವುದು ಚರ್ಮದ ಕೆಳಗಿನ ಕೊಬ್ಬು, ಚರ್ಮವಲ್ಲ. ಇನ್ಸುಲಿನ್ ತಲುಪಬೇಕಾದದ್ದು ಆ ಕೊಬ್ಬಿನ ಪದರಕ್ಕೆ. ಚರ್ಮ ದಾಟಿದರೆ ಸಾಕು. ಇನ್ನೂ ಆಳಕ್ಕೆ ಹೋಗಿ ಮಾಂಸಖಂಡಕ್ಕೆ ಸೇರಿದರೆ ಮೈ ಇನ್ಸುಲಿನ್ನನ್ನು ಬೇಗ ಹೀರಿಕೊಂಡು ಶುಗರ್ ಥಟ್ಟನೆ ಕುಸಿಯಬಹುದು. ಆದ್ದರಿಂದಲೇ ಇಂದು ಪೆನ್ನಿಗೆ ಎಲ್ಲ ಬಗೆಯ ಮೈಯವರಿಗೂ ನಾಲ್ಕು ಮಿಲಿಮೀಟರಿನ ಸೂಜಿ ಸಾಕೆಂದು ತಜ್ಞರು ಹೇಳುವುದು. ಹಾಗಾದರೆ ಸಿರಿಂಜಿನಲ್ಲಿ ಏಕೆ ಆರು ಮಿಲಿಮೀಟರಿಗಿಂತ ಗಿಡ್ಡದು ಕಾಣುವುದಿಲ್ಲ? ಉತ್ತರ ಮೈಯಲ್ಲಿಲ್ಲ, ಸೀಸೆಯಲ್ಲಿದೆ! ಸಿರಿಂಜಿನ ಸೂಜಿ ಮೊದಲು ಸೀಸೆಯ ರಬ್ಬರ್ ಬಿರಡೆಯನ್ನು ದಾಟಿ ಒಳಗಿನ ದ್ರವ ಮುಟ್ಟಬೇಕು. ಪೆನ್ನಿನ ಸೂಜಿಗೆ ಆ ಕೆಲಸವಿಲ್ಲ. ಆರು, ಎಂಟು, ಹನ್ನೆರಡೂವರೆಯ ಆಸುಪಾಸಿನವು ಅಂಗಡಿಯಲ್ಲಿ ಸಿಗುತ್ತವೆ. ಗಿಡ್ಡದನ್ನೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಎಂಟರದ್ದೇ ಸಿಕ್ಕರೆ, ಮಕ್ಕಳಿಗೂ ತೆಳ್ಳಗಿನವರಿಗೂ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು ಓರೆಯಾಗಿ ಚುಚ್ಚಬೇಕು.

ಇಷ್ಟು ನವುರಾದ ಸೂಜಿಯನ್ನು ಮತ್ತೆ ಮತ್ತೆ ಬಳಸುವುದು ನಮ್ಮಲ್ಲಿ ಸಾಮಾನ್ಯ. ಖರ್ಚು ಉಳಿಸುವುದು ಯಾರಿಗೆ ಬೇಡ? ಆದರೆ ತುದಿ ಮೊಂಡಾಗುತ್ತದೆ, ಬಾಗುತ್ತದೆ, ನೋವು ಹೆಚ್ಚುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ. ಆ ಗಂಟಿನಲ್ಲಿ ನೋವು ಕಡಿಮೆ ಎಂದು ಜನ ಅಲ್ಲೇ ಚುಚ್ಚುತ್ತಾರೆ, ಮೈ ಇನ್ಸುಲಿನ್ನನ್ನು ಅಲ್ಲಿಂದ ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಹೊಟ್ಟೆ, ತೊಡೆ ಎಂದು ಜಾಗ ಬದಲಿಸುತ್ತಾ, ಒಂದು ಚುಚ್ಚಿಗೂ ಮುಂದಿನದಕ್ಕೂ ಕನಿಷ್ಠ ಒಂದು ಬೆರಳ ಅಗಲ ಬಿಡುವುದೂ ಡೋಸಿನಷ್ಟೇ ಮುಖ್ಯ. ಬಳಸಿದ ಸೂಜಿ ಕಸದ ಬುಟ್ಟಿಗಲ್ಲ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ. ಕಸ ವಿಂಗಡಿಸುವ ಪೌರಕಾರ್ಮಿಕರ ಬರಿಗೈಯನ್ನು ಒಮ್ಮೆ ನೆನೆದುಕೊಂಡರೆ ಡಬ್ಬಿ ಹುಡುಕುವುದು ಹೊರೆ ಅನ್ನಿಸುವುದಿಲ್ಲ.

ಇನ್ನೊಂದು ಬೆರಗು ಉಳಿದಿದೆ, ಅದು ಕಡಲಾಚೆಯದು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಪಿಚಿಯಾ ಎಂಬ ಯೀಸ್ಟಿನಿಂದ ಮಾನವ ಇನ್ಸುಲಿನ್ ಬೆಳೆಸಿ ಇನ್ಸುಜೆನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಪ್ರಾಣಿಯ ಗ್ರಂಥಿ ಬೇಡ, ಹಂದಿ ಬೇಡ, ದನ ಬೇಡ. ಬೊಮ್ಮಸಂದ್ರದ ಕಡೆಯ ಉಕ್ಕಿನ ತೊಟ್ಟಿಗಳಲ್ಲಿ ಮನುಷ್ಯನ ಹಾರ್ಮೋನು! ಅದು ನಮ್ಮ ಅಂಗಡಿಗಳಲ್ಲಿ ಯು-40 ಸೀಸೆಯಾಗಿ, ಕೆಂಪು ಮುಚ್ಚಳದ ಜೋಡಿಯಾಗಿ ಸಿಗುತ್ತದೆ. ಅದೇ ಬಯೋಕಾನ್ ಅಭಿವೃದ್ಧಿಪಡಿಸಿದ ಇನ್ನೊಂದು ಇನ್ಸುಲಿನ್, ಸೆಮ್ಗ್ಲೀ, 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಿಂದ ಮೂಲ ಔಷಧಕ್ಕೆ ಬದಲಾಗಿ ಔಷಧಿ ಅಂಗಡಿಯಲ್ಲೇ ಕೊಡಬಹುದಾದ ಮೊದಲ ಬಯೋಸಿಮಿಲರ್, ಅಂದರೆ ಮೂಲ ಔಷಧವನ್ನು ಹೋಲುವ, ಇನ್ಸುಲಿನ್ ಎಂಬ ಮನ್ನಣೆ ಪಡೆಯಿತು. ಅಲ್ಲಿ ಅದು ಯು-100.

ಹಾಗಾಗಿ ಮಕ್ಕಳ ಮನೆಗೆಂದು ಮೈಸೂರಿನಿಂದ ನ್ಯೂಜೆರ್ಸಿಗೋ ಹುಬ್ಬಳ್ಳಿಯಿಂದ ಟೆಕ್ಸಸ್‌ಗೋ ಆರು ತಿಂಗಳು ಹೋಗುವ ಅಪ್ಪ ಅಮ್ಮಂದಿರು ಬ್ಯಾಗಿನಲ್ಲಿ ಯು-40 ಸೀಸೆ ಇಟ್ಟುಕೊಂಡು, ಸಿರಿಂಜು ಅಲ್ಲೇ ಸಿಗುತ್ತದೆ ಎಂದು ಹೊರಟರೆ ಏನಾಗುತ್ತದೆ ಗೊತ್ತೇ? ಅಲ್ಲಿನ ಔಷಧಿ ಅಂಗಡಿಯಲ್ಲಿ ಕೊಡುವುದು ಕಿತ್ತಳೆ ಮುಚ್ಚಳದ್ದು. ಕೆಂಪು ಮುಚ್ಚಳದ ಯು-40 ಸಿರಿಂಜು ಅಮೆರಿಕದಲ್ಲಿ ಇಂದಿಗೂ ಬದುಕಿರುವುದು ನಾಯಿ ಬೆಕ್ಕುಗಳ ವೈದ್ಯರ ಬಳಿ! ಶುಗರ್ ಬಂದ ನಾಯಿ ಬೆಕ್ಕುಗಳಿಗೆ ಅಲ್ಲಿ ಕೊಡುವ ಒಂದು ಇನ್ಸುಲಿನ್ ಯು-40ರ ಬಲದ್ದು. ಹೊರಡುವ ಮುನ್ನ ವೈದ್ಯರೊಡನೆ ಮಾತಾಡಿ, ಉಳಿಯುವಷ್ಟೂ ದಿನಕ್ಕೆ ಬೇಕಾದ ಸೀಸೆ ಮತ್ತು ಅದರ ಜೋಡಿ ಸಿರಿಂಜು ಎರಡನ್ನೂ ಇಲ್ಲಿಂದಲೇ, ಚೀಟಿಯ ಸಮೇತ ಒಯ್ಯಬೇಕು. ವಿಮಾನದಲ್ಲಿ ಅವು ಕೈಚೀಲದಲ್ಲೇ ಇರಲಿ. ಸಾಮಾನಿನ ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದನ್ನು ಬಳಸುವಂತಿಲ್ಲ. ಅಲ್ಲಿನ ಯು-100ಕ್ಕೇ ಬದಲಾಗುವುದಾದರೆ ಉಳಿದ ಕೆಂಪು ಮುಚ್ಚಳದ ಸಿರಿಂಜುಗಳನ್ನು ಆ ಹೊಸ ಸೀಸೆಯ ಪಕ್ಕದಲ್ಲಿ ಇಡಲೇಬೇಡಿ, ಅದೇ ದಿನ ಮನೆಯಿಂದ ತೆಗೆದುಬಿಡಿ.